ರಕ್ತಪಿಶಾಚಿಗಳು ಇದ್ದವೇ?

ದೆವ್ವಗಳಿವೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ಕಡೆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಎಲೆ ಅಡಿಕೆ ಮೆಲ್ಲುತ್ತ ಚರ್ಚಿಸುವುದು ವಾಡಿಕೆ. ಇವೆ ಎನ್ನುವವರು ಒಂದೆರಡು ಕಥೆ ಹೇಳುತ್ತಾರೆ. ಇಲ್ಲ ಎನ್ನುವವರು ನಗುತ್ತಾರೆ. ಚರ್ಚೆ ಮುಗಿದ ಮೇಲೆ, ಇಲ್ಲವೆಂದು ಗಟ್ಟಿಯಾಗಿ ವಾದಿಸಿದವರೂ ಹಿತ್ತಿಲಿಗೆ ಹೋಗುವಾಗ ಜೊತೆಗೆ ಯಾರಾದರೂ ಬರುವರೇ ಎಂದು ನೋಡುತ್ತಾರೆ. ಅಲ್ಲಿಗೆ ಆ ವಿಚಾರ ಮುಗಿಯುತ್ತದೆ. ಆದರೆ ಇದೇ ಪ್ರಶ್ನೆ ಒಂದು ಕಾಲದಲ್ಲಿ ಜಗಲಿಯನ್ನು ಬಿಟ್ಟು ಎದ್ದು ಒಂದು ದೊಡ್ಡ ಸಾಮ್ರಾಜ್ಯದ ಕಚೇರಿಯನ್ನು ಪ್ರವೇಶಿಸಿತ್ತು. ಸೇನೆಯ ವೈದ್ಯರು ಗೋರಿಗಳನ್ನು ಅಗೆಸಿ, ಹೆಣಗಳನ್ನು ಪರೀಕ್ಷಿಸಿ, ಸಹಿ ಹಾಕಿದ ವರದಿಗಳನ್ನು ಮೇಲಧಿಕಾರಿಗಳಿಗೆ ಕಳುಹಿಸಿದ್ದರು. ಆ ವರದಿಗಳಲ್ಲಿ ಏನಿತ್ತು, ಅವುಗಳಲ್ಲಿ ನಿಜವೆಷ್ಟು, ಆ ನಿಜದಿಂದ ನಾವು ಕಲಿಯಬೇಕಾದುದು ಏನು ಎಂಬುದೇ ಇಂದಿನ ವಿಚಾರ.

ವ್ಯಾಂಪೈರ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಸಿನಿಮಾದ್ದು: ಕಪ್ಪು ನಿಲುವಂಗಿ, ಬಿಳಿಚಿದ ಮುಖ, ಕೋರೆಹಲ್ಲು, ಬೆಟ್ಟದ ಮೇಲಿನ ಪಾಳುಬಿದ್ದ ಕೋಟೆ. ಈ ಸರದಾರ ಪುಸ್ತಕದಲ್ಲಿ ಹುಟ್ಟಿದವನು. ಕವಿ ಬೈರನ್ನನ ವೈದ್ಯನಾಗಿದ್ದ ಪಾಲಿಡೋರಿ 1819ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಅವನು ಮೊದಲು ಶ್ರೀಮಂತನ ವೇಷ ತೊಟ್ಟ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿಯಲ್ಲಿ ಅವನಿಗೆ ಜಗತ್ಪ್ರಸಿದ್ಧಿ ಬಂತು. ಸೂರ್ಯನ ಬೆಳಕು ತಾಗಿದರೆ ಅವನು ಸಾಯುತ್ತಾನೆಂಬ ನಂಬಿಕೆಯಂತೂ ಇನ್ನೂ ಈಚಿನದು; ಅದು 1922ರ 'ನೊಸ್ಫೆರಾಟು' ಎಂಬ ಜರ್ಮನ್ ಮೂಕಚಿತ್ರದ ಕೊಡುಗೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲೇ ಲಂಡನ್ನಿನ ಬೀದಿಯಲ್ಲಿ ಅಡ್ಡಾಡುತ್ತಾನೆ. ಹಳ್ಳಿಯವರು ನಂಬಿ ನಡುಗಿದ ವ್ಯಾಂಪೈರ್ ಇಂಥವನಲ್ಲ. ಅವನು ಸರದಾರನಲ್ಲ, ರೈತ. ಬಿಳಿಚಿದವನಲ್ಲ, ಊದಿಕೊಂಡು ಕೆಂಪಾದವನು. ದೂರದ ಕೋಟೆಯಿಂದ ಬಂದವನಲ್ಲ, ಕಳೆದ ತಿಂಗಳು ಸತ್ತ ಪಕ್ಕದ ಮನೆಯವನು.

ಈ ಪಕ್ಕದ ಮನೆಯವನು ಸರಕಾರಿ ಕಾಗದದಲ್ಲಿ ಕಾಣಿಸಿಕೊಂಡದ್ದಕ್ಕೆ ರಾಜಕೀಯ ಕಾರಣವಿದೆ. 1718ರಲ್ಲಿ ಆದ ಪಸ್ಸಾರೋವಿಟ್ಸ್ ಒಪ್ಪಂದದಂತೆ ಸರ್ಬಿಯದ ಉತ್ತರ ಭಾಗ ತುರ್ಕರ ಕೈಯಿಂದ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರ ವಶಕ್ಕೆ ಬಂತು. ಜರ್ಮನ್ ಮಾತನಾಡುವ ಅಧಿಕಾರಿಗಳು ಆ ಹಳ್ಳಿಗಳಿಗೆ ಹೋದರು. ಅಲ್ಲಿ ತಲೆತಲಾಂತರದಿಂದ ನಡೆದುಬಂದಿದ್ದ ಒಂದು ಆಚಾರವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡರು. ಅಧಿಕಾರಿಗಳಾದ್ದರಿಂದ ಕಂಡದ್ದನ್ನು ಬರೆದಿಟ್ಟರು.

1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಸ್ ಎಂಬ ರೈತ ತೀರಿಕೊಂಡು ಹತ್ತು ವಾರವಾಗಿತ್ತು. ಆಗ ಎಂಟು ದಿನಗಳೊಳಗೆ ಒಂಬತ್ತು ಮಂದಿ, ಮುದುಕರೂ ಎಳೆಯರೂ, ಒಂದೇ ದಿನದ ಕಾಯಿಲೆಯಿಂದ ಸತ್ತರು. ಪೀಟರನು ನಿದ್ದೆಯಲ್ಲಿ ಬಂದು ಮೈಮೇಲೆ ಮಲಗಿ ಕತ್ತು ಹಿಸುಕಿದನೆಂದು ಅವರು ಸಾಯುವ ಮುನ್ನ ಹೇಳಿದರಂತೆ. ಅವನ ಹೆಂಡತಿಯದು ಬೇರೊಂದು ಮಾತು: ಗಂಡ ಮನೆಗೆ ಬಂದು ತನ್ನ ಪಾದರಕ್ಷೆಗಳನ್ನು ಕೇಳಿದನಂತೆ. ಆಕೆ ಊರನ್ನೇ ಬಿಟ್ಟು ಹೋದಳು. ಊರವರು ಆ ಸೀಮೆಯ ಅಧಿಕಾರಿ ಫ್ರೋಂಬಾಲ್ಡನ ಬಳಿ ಬಂದು, ಗೋರಿಯನ್ನು ಅಗೆಯಬೇಕು, ತಾವೂ ಬರಬೇಕು ಎಂದರು. ಬೆಲ್‌ಗ್ರೇಡಿನಿಂದ ಅಪ್ಪಣೆ ಬರಲಿ ಎಂದು ಅವನು ಹೇಳಿದ. ಅಪ್ಪಣೆ ಬರುವಷ್ಟರಲ್ಲಿ ಊರೇ ಉಳಿಯುವುದಿಲ್ಲ, ನಾವು ಮನೆ ಬಿಟ್ಟು ಹೊರಟೆವು ಎಂದು ಅವರು ಹಟ ಹಿಡಿದರು. ಫ್ರೋಂಬಾಲ್ಡ್ ಪಾದ್ರಿಯೊಬ್ಬನೊಡನೆ ಹೋದ. ಹೆಣದಲ್ಲಿ ದುರ್ವಾಸನೆಯಿರಲಿಲ್ಲ, ಮೂಗು ಮಾತ್ರ ಸ್ವಲ್ಪ ಕುಸಿದಿತ್ತು, ಕೂದಲು, ಗಡ್ಡ, ಉಗುರು ಹೊಸದಾಗಿ ಬೆಳೆದಂತಿದ್ದವು, ಹಳೆಯ ಚರ್ಮ ಸುಲಿದು ಕೆಳಗೆ ಹೊಸದು ಕಾಣುತ್ತಿತ್ತು, ಬಾಯಲ್ಲಿ ಹಸಿ ರಕ್ತವಿತ್ತು. ಜನ ಎದೆಗೆ ಗೂಟ ಹೊಡೆದರು, ಹೆಣವನ್ನು ಸುಟ್ಟರು. ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದು ತನ್ನದಲ್ಲ, ಭಯದಿಂದ ಹುಚ್ಚೆದ್ದ ಜನರದು ಎಂದು ಬರೆದು ಫ್ರೋಂಬಾಲ್ಡ್ ವರದಿಯನ್ನು ಮುಗಿಸಿದ. ವಿಯೆನ್ನಾದ ಪತ್ರಿಕೆ ಅದೇ ಜುಲೈ ತಿಂಗಳಲ್ಲಿ ಅದನ್ನು ಅಚ್ಚು ಮಾಡಿತು. ತನ್ನ ತಲೆಯ ಮೇಲೆ ಬಾರದಂತೆ ಬರೆಯುವ ಈ ಕಚೇರಿಯ ಜಾಣತನ ನಮಗೆ ಅಪರಿಚಿತವೇನೂ ಅಲ್ಲ.

ಎರಡನೆಯ ಪ್ರಕರಣ ಇನ್ನೂ ದೊಡ್ಡದು. ಮೆಡ್ವೆಜಾ ಎಂಬ ಹಳ್ಳಿಯಲ್ಲಿ ಆರ್ನಾಲ್ಡ್ ಪಾವ್ಲೆ ಎಂಬ ಗಡಿಕಾವಲಿನ ಯೋಧ ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದು ಸತ್ತಿದ್ದ. ತನ್ನನ್ನು ಹಿಂದೊಮ್ಮೆ ವ್ಯಾಂಪೈರ್ ಕಾಡಿತ್ತೆಂದೂ, ಅದರ ಗೋರಿಯ ಮಣ್ಣು ತಿಂದು ಪಾರಾದೆನೆಂದೂ ಅವನು ಬದುಕಿದ್ದಾಗ ಹೇಳಿಕೊಂಡಿದ್ದ. ಅವನು ಸತ್ತ ಮೇಲೆ ನಾಲ್ವರು ಸತ್ತರು. ಅವನ ಹೆಣಕ್ಕೂ ಗೂಟ ಬಿತ್ತು. ಕೆಲವು ವರ್ಷಗಳ ಮೇಲೆ, 1731ರ ಚಳಿಗಾಲದಲ್ಲಿ, ಮೂರು ತಿಂಗಳೊಳಗೆ ಅದೇ ಊರಿನಲ್ಲಿ ಹದಿನೇಳು ಮಂದಿ ಸತ್ತರು. ಮೊದಲು ಸಾಂಕ್ರಾಮಿಕ ರೋಗಗಳ ವೈದ್ಯನೊಬ್ಬ ಹೋಗಿ ನೋಡಿದ. ಅಂಟುರೋಗ ಕಾಣಲಿಲ್ಲ, ಕಠಿಣ ಉಪವಾಸದಿಂದ ಜನ ಬಡವಾಗಿದ್ದಾರೆಂದು ಅವನಿಗೆ ತೋರಿತು. ಊರವರಿಗೆ ಆ ಉತ್ತರ ಸಾಲಲಿಲ್ಲ. 1732ರ ಜನವರಿಯಲ್ಲಿ ಯೋಹಾನ್ ಫ್ಲ್ಯೂಕಿಂಗರ್ ಎಂಬ ಸೇನೆಯ ಶಸ್ತ್ರವೈದ್ಯ ಬಂದು ಗೋರಿಗಳನ್ನು ಒಂದೊಂದಾಗಿ ತೆರೆಸಿದ. ಕೆಲವು ಹೆಣಗಳು ಕೊಳೆತಿದ್ದವು. ಅವುಗಳ ಪಕ್ಕದಲ್ಲೇ ಹೂಳಿದ್ದ ಕೆಲವು ಹಸಿಯಾಗಿಯೇ ಇದ್ದವು. ಮಿಲಿತ್ಸಾ ಎಂಬ ಅರುವತ್ತು ವರ್ಷದ ಮುದುಕಿಯ ಹೆಣ ಕಂಡು ಊರವರು ಬೆರಗಾದರು. ಬದುಕಿದ್ದಷ್ಟು ಕಾಲವೂ ಕಡ್ಡಿಯಂತಿದ್ದ ಆಕೆ ಗೋರಿಯಲ್ಲಿ ಮೈತುಂಬಿಕೊಂಡು ಮಲಗಿದ್ದಳು! ಕೊಳೆಯದ ಹೆಣಗಳ ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಎಸೆದರು. ಕೊಳೆತವುಗಳನ್ನು ಮತ್ತೆ ಗೋರಿಗೆ ಇಳಿಸಿದರು. ವರದಿಗೆ ಮೂವರು ಶಸ್ತ್ರವೈದ್ಯರ, ಇಬ್ಬರು ಸೇನಾಧಿಕಾರಿಗಳ ಸಹಿ ಬಿತ್ತು.

ಈ ವರದಿ ಯೂರೋಪಿನಲ್ಲೆಲ್ಲ ಹರಡಿತು. ಅದೇ ವರ್ಷ ಇಂಗ್ಲೆಂಡಿನ ಪತ್ರಿಕೆಗಳೂ ಅದನ್ನು ಪ್ರಕಟಿಸಿದವು. ವ್ಯಾಂಪೈರ್ ಎಂಬ ಶಬ್ದ ಮನೆಮಾತಾಯಿತು. ವಿದ್ವಾಂಸರು ಗ್ರಂಥಗಳನ್ನು ಬರೆದರು. ಫ್ರಾನ್ಸಿನ ಮಠಾಧಿಪತಿ ಅಗಸ್ಟೀನ್ ಕಾಲ್ಮೆ 1746ರಲ್ಲಿ ಈ ಕಥೆಗಳನ್ನೆಲ್ಲ ಸಂಗ್ರಹಿಸಿ, ಶ್ರದ್ಧೆ ಮತ್ತು ಸಂದೇಹಗಳ ನಡುವೆ ತೂಗುತ್ತ ಒಂದು ದೊಡ್ಡ ಪುಸ್ತಕವನ್ನೇ ಹೊರತಂದ. ವೋಲ್ಟೇರ್ ಅದನ್ನು ಹಾಸ್ಯ ಮಾಡಿದ. ನಿಜವಾದ ರಕ್ತ ಹೀರುವವರು ಗೋರಿಗಳಲ್ಲಿಲ್ಲ, ಪಟ್ಟಣಗಳಲ್ಲಿ ವ್ಯಾಪಾರ ಮಾಡಿಕೊಂಡು ಹಾಯಾಗಿದ್ದಾರೆ ಎಂಬುದು ಅವನ ಮಾತಿನ ಸಾರ. ಮಾತು ಚೆನ್ನಾಗಿದೆ. ಆದರೆ ಹಾಸ್ಯವು ಫ್ಲ್ಯೂಕಿಂಗರನಿಗೆ ಉತ್ತರವಾಗಲಾರದು. ಅವನು ಕಥೆ ಹೇಳಿರಲಿಲ್ಲ, ಕಂಡದ್ದನ್ನು ಬರೆದಿದ್ದ.

ಹಾಗಾದರೆ ಅವನು ಸುಳ್ಳು ಬರೆದನೇ? ಇಲ್ಲ ಎಂಬುದೇ ಇದರಲ್ಲಿನ ವಿಶೇಷ. ಸತ್ತ ದೇಹ ಹೇಗೆ ಬದಲಾಗುತ್ತದೆ ಎಂಬುದನ್ನು ಬಲ್ಲ ಇಂದಿನ ವೈದ್ಯನು ಈ ವರದಿಯನ್ನು ಓದಿದರೆ ಒಂದೊಂದು ವಾಕ್ಯಕ್ಕೂ ತಲೆದೂಗುತ್ತಾನೆ. ಪಾಲ್ ಬಾರ್ಬರ್ ಎಂಬ ಅಮೆರಿಕದ ವಿದ್ವಾಂಸ 1988ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿಕೊಟ್ಟ. ಸತ್ತ ಮೇಲೆ ಕರುಳಿನ ಸೂಕ್ಷ್ಮಜೀವಿಗಳು ಅನಿಲವನ್ನು ಉಂಟುಮಾಡುತ್ತವೆ, ದೇಹ ಊದಿಕೊಳ್ಳುತ್ತದೆ. ಕಡ್ಡಿಯಂತಿದ್ದ ಮಿಲಿತ್ಸಾ ಮೈತುಂಬಿಕೊಂಡದ್ದು ಹೀಗೆ. ಅದೇ ಅನಿಲದ ಒತ್ತಡದಿಂದ ಎದೆಯೊಳಗಿನ ರಕ್ತಮಿಶ್ರಿತ ದ್ರವ ಬಾಯಿಗೂ ಮೂಗಿಗೂ ಬರುತ್ತದೆ; ನೋಡಿದವರಿಗೆ ಅದು ಹೀರಿದ ರಕ್ತವೆಂದು ತೋರುತ್ತದೆ. ಹೆಪ್ಪುಗಟ್ಟಿದ ರಕ್ತ ಕೆಲವೊಮ್ಮೆ ಮತ್ತೆ ನೀರಾಗುತ್ತದೆ. ಮೇಲಿನ ಚರ್ಮ ಉಗುರಿನೊಡನೆ ಕಳಚಿದಾಗ ಕೆಳಗಿನ ಹಸಿ ಚರ್ಮ ಹೊಸದಾಗಿ ಹುಟ್ಟಿದಂತೆ ಕಾಣುತ್ತದೆ. ಮುಖದ ಚರ್ಮ ಒಣಗಿ ಹಿಂದೆ ಸರಿದರೆ ಗಡ್ಡ ಬೆಳೆದಂತಾಗುತ್ತದೆ. ಪಾವ್ಲೆಗೆ ಗೂಟ ಹೊಡೆದಾಗ ಅವನು ನರಳಿದನೆಂದು ವರದಿ ಹೇಳುತ್ತದೆ. ಎದೆಯಲ್ಲಿ ಕಟ್ಟಿಕೊಂಡಿದ್ದ ಗಾಳಿ ಒಮ್ಮೆಲೇ ಗಂಟಲಿನ ಮೂಲಕ ಹೊರಟರೆ ಅಂಥ ಸದ್ದಾಗುವುದು ಸಹಜ. ಇನ್ನು ಒಂದು ಹೆಣ ಕೊಳೆತು ಪಕ್ಕದ್ದು ಉಳಿಯುವುದಕ್ಕೆ ಚಳಿ, ಮಣ್ಣಿನ ಗುಣ, ಹೂಳಿದ ಆಳ, ಪೆಟ್ಟಿಗೆಯೊಳಗೆ ಸೇರುವ ಗಾಳಿ ಮುಂತಾದ ಹಲವು ಕಾರಣಗಳಿವೆ.

ಎಂದರೆ ಹಳ್ಳಿಗರ ಕಣ್ಣು ಮೋಸಹೋಗಿರಲಿಲ್ಲ. ಕಂಡದ್ದಕ್ಕೆ ಅವರು ಕೊಟ್ಟ ಅರ್ಥ ತಪ್ಪಾಗಿತ್ತು. ಅನುಮಾನ ಪ್ರಮಾಣದಲ್ಲಿ ಹೇತು ಸರಿಯಿಲ್ಲದಿದ್ದರೆ ಪ್ರತ್ಯಕ್ಷವೂ ದಾರಿ ತಪ್ಪಿಸುತ್ತದೆ ಎಂದು ನಮ್ಮ ತಾರ್ಕಿಕರು ಎಚ್ಚರಿಸಿದ್ದು ಇಂಥದ್ದನ್ನೇ. ಸಾಮಾನ್ಯವಾಗಿ ಯಾರೂ ಗೋರಿಯನ್ನು ತೆರೆದು ನೋಡುವುದಿಲ್ಲ. ತೆರೆಯುವುದು ಭಯಪಟ್ಟಾಗ ಮಾತ್ರ. ಭಯಪಟ್ಟು ತೆರೆದವನಿಗೆ ಒಳಗೆ ಕಾಣುವುದೆಲ್ಲ ಭಯಕ್ಕೆ ಸಾಕ್ಷಿಯೇ.

ಇದನ್ನು ಆ ಕಾಲದಲ್ಲೇ ಅರಿತವನೊಬ್ಬನಿದ್ದ. ರಾಣಿ ಮರಿಯಾ ತೆರೇಸಾಳ ಆಸ್ಥಾನವೈದ್ಯ, ಹಾಲೆಂಡಿನ ಗೆರಾರ್ಡ್ ಫಾನ್ ಸ್ವೀಟನ್. 1755ರಲ್ಲಿ ಮೊರಾವಿಯ ಮತ್ತು ಸೈಲೀಸಿಯಗಳ ಗಡಿಯ ಒಂದು ಹಳ್ಳಿಯಲ್ಲಿ ರೋಸಿನಾ ಪೊಲಾಕಿನ್ ಎಂಬವಳ ಹೆಣವನ್ನು ಅಗೆದು ಸುಟ್ಟ ಸುದ್ದಿ ರಾಣಿಗೆ ಮುಟ್ಟಿತು. ತನಿಖೆಯ ಕಾಗದಗಳನ್ನೆಲ್ಲ ನೋಡಿದ ಫಾನ್ ಸ್ವೀಟನ್, ಚಳಿಗಾಲದಲ್ಲಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಹೆಣ ಕೆಡದಿರುವುದು ಪವಾಡವೂ ಅಲ್ಲ, ಪಿಶಾಚಿಯ ಕೆಲಸವೂ ಅಲ್ಲ ಎಂದು ಖಂಡಿತವಾಗಿ ಬರೆದ. ಇನ್ನು ಮುಂದೆ ಅಧಿಕಾರಿಗಳ ವಿಚಾರಣೆಯಿಲ್ಲದೆ ಇಂಥ ಕಾರಣಕ್ಕೆ ಯಾವ ಗೋರಿಯನ್ನೂ ಅಗೆಯಬಾರದು, ಹೆಣವನ್ನು ಸುಡಬಾರದು ಎಂದು ರಾಣಿ ಆಜ್ಞೆ ಹೊರಡಿಸಿದಳು. ಸತ್ತವರ ಮಾನ ಕಾಯಲು ಹೊರಟ ಕಾನೂನು ಎಂಬ ದೃಷ್ಟಿಯಿಂದ ಈ ಆಜ್ಞೆ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಆಜ್ಞೆಯಿಂದ ಭಯ ಹೋಗುವುದಿಲ್ಲ. ಇದಾಗಿ 137 ವರ್ಷಗಳ ಮೇಲೆ, ರೈಲು, ತಂತಿ, ದಿನಪತ್ರಿಕೆ ಎಲ್ಲವೂ ಇದ್ದ ಅಮೆರಿಕದಲ್ಲಿ, ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಊರಿನಲ್ಲಿ ಇದೇ ನಾಟಕ ಮತ್ತೆ ನಡೆಯಿತು. ಜಾರ್ಜ್ ಬ್ರೌನ್ ಎಂಬ ರೈತನ ಹೆಂಡತಿ, ಆಮೇಲೆ ಹಿರಿಯ ಮಗಳು ಕ್ಷಯದಿಂದ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಮಗ ಎಡ್ವಿನ್ ಹಾಸಿಗೆ ಹಿಡಿದ. 1892ರ ಜನವರಿಯಲ್ಲಿ ಹತ್ತೊಂಬತ್ತು ವರ್ಷದ ಮಗಳು ಮರ್ಸಿ ಹೋದಳು. ಸತ್ತ ಮೂವರಲ್ಲಿ ಒಬ್ಬರು ಎಡ್ವಿನ್ನನ ಪ್ರಾಣವನ್ನು ಹೀರುತ್ತಿದ್ದಾರೆ, ಗೋರಿ ತೆರೆದು ನೋಡಬೇಕು ಎಂದು ನೆರೆಹೊರೆಯವರು ಒತ್ತಾಯಿಸಿದರು. ಜಾರ್ಜ್ ಬ್ರೌನ್‌ಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಉಳಿದ ಒಬ್ಬ ಮಗನಿಗಾಗಿ ಒಪ್ಪಿದ. ಮಾರ್ಚ್ 17ರಂದು ಗೋರಿಗಳನ್ನು ತೆರೆದರು. ತಾಯಿ, ಹಿರಿಯ ಮಗಳು ಬರಿಯ ಎಲುಬಾಗಿದ್ದರು. ಸತ್ತು ಎರಡು ತಿಂಗಳಾಗಿದ್ದ, ಆ ಚಳಿಯಲ್ಲಿ ನೆಲದ ಮೇಲಿನ ಕಲ್ಲಿನ ಕೋಣೆಯಲ್ಲಿರಿಸಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ಜೊತೆಗಿದ್ದ ವೈದ್ಯ, ಇದು ಸಹಜ, ಶ್ವಾಸಕೋಶದಲ್ಲಿ ಕ್ಷಯದ ಗುರುತಿದೆ ಎಂದ. ಯಾರೂ ಕೇಳಲಿಲ್ಲ. ಅವಳ ಹೃದಯವನ್ನೂ ಯಕೃತ್ತನ್ನೂ ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ಕಲಸಿ ಅಣ್ಣನಿಗೆ ಕುಡಿಸಿದರು. ಮೇ 2ರಂದು ಎಡ್ವಿನ್ ಸತ್ತ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದೆನೆಂದು ಸಾರಿದ್ದು 1882ರ ಮಾರ್ಚ್ 24ರಂದು. ಸತ್ಯ ಪ್ರಕಟವಾಗಿ ಹತ್ತು ವರ್ಷವಾಗಿತ್ತು. ಆ ಮನೆಯ ಬಾಗಿಲಿಗೆ ಮಾತ್ರ ಇನ್ನೂ ಬಂದಿರಲಿಲ್ಲ.

ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಬಡವಾಗಿ, ಬಿಳಿಚಿ, ರಕ್ತ ಕಾರಿ ಸಾಯುವ ಈ ರೋಗವನ್ನು ಕಂಡವರಿಗೆ, ಸತ್ತವರು ಬಂದು ಪ್ರಾಣ ಹೀರುತ್ತಾರೆಂಬ ಊಹೆ ಬಂದದ್ದು ಆಶ್ಚರ್ಯವಲ್ಲ. ರೋಗ ಒಬ್ಬರಿಂದೊಬ್ಬರಿಗೆ ಹೋಗುತ್ತದೆ ಎಂಬಷ್ಟು ಅವರ ಊಹೆಯಲ್ಲಿ ಸರಿಯೂ ಇತ್ತು. ಹೋದದ್ದು ಬದುಕಿದ್ದಾಗ, ಸತ್ತ ಮೇಲಲ್ಲ ಎಂಬುದಷ್ಟೇ ಅವರಿಗೆ ತಿಳಿಯದೆ ಹೋಯಿತು.

ವಿಜ್ಞಾನವೂ ಇಲ್ಲಿ ಒಮ್ಮೊಮ್ಮೆ ಅವಸರಪಟ್ಟಿದೆ ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. 1985ರಲ್ಲಿ ಡೇವಿಡ್ ಡಾಲ್ಫಿನ್ ಎಂಬ ರಸಾಯನಶಾಸ್ತ್ರಜ್ಞ, ವ್ಯಾಂಪೈರ್ ಎನಿಸಿಕೊಂಡವರು ಪಾರ್ಫಿರಿಯಾ ಎಂಬ ರಕ್ತಸಂಬಂಧವಾದ ರೋಗಿಗಳಿರಬಹುದು, ಅವರು ಬಿಸಿಲಿಗೆ ಹೆದರುತ್ತಿದ್ದರು ಎಂದು ಸೂಚಿಸಿದ. ಪತ್ರಿಕೆಗಳು ಇದನ್ನು ಎತ್ತಿ ಆಡಿದವು. ಆದರೆ ಹಳ್ಳಿಯ ವ್ಯಾಂಪೈರ್ ಬಿಸಿಲಿಗೆ ಹೆದರಿದವನಲ್ಲ. ಆ ಹೆದರಿಕೆ ಸಿನಿಮಾದ್ದೆಂದು ಆಗಲೇ ಹೇಳಿದೆ. ರಕ್ತ ಕುಡಿಯುವುದರಿಂದ ಆ ರೋಗ ಶಮನವಾಗುವುದೂ ಇಲ್ಲ. ಈ ಊಹೆಯಿಂದ ಆದ ಲಾಭವೆಂದರೆ, ಮೊದಲೇ ನೊಂದಿದ್ದ ರೋಗಿಗಳಿಗೆ ಪಿಶಾಚಿಯೆಂಬ ಅಡ್ಡಹೆಸರು. 1998ರಲ್ಲಿ ಸ್ಪೇನಿನ ನರರೋಗತಜ್ಞ ಹ್ವಾನ್ ಗೋಮೆಸ್ ಅಲೊನ್ಸೊ ಹುಚ್ಚುನಾಯಿ ರೋಗದ ಲಕ್ಷಣಗಳೊಡನೆ ಈ ಕಥೆಗಳನ್ನು ಹೋಲಿಸಿದ. ಅದು ಇದಕ್ಕಿಂತ ಮೇಲು. ಆದರೂ ಅದು ಬದುಕಿರುವ ರೋಗಿಯ ವಿಷಯ, ಗೋರಿಯಲ್ಲಿ ಮಲಗಿದ ಹೆಣದ ವಿಷಯವಲ್ಲ.

ನಮ್ಮ ನಾಡಿನ ಮಾತಿಗೆ ಬಂದರೆ, ಇಲ್ಲೊಂದು ಸ್ವಾರಸ್ಯವಿದೆ. ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಬರುವ ಬೇತಾಳನ ಕಥೆಗಳನ್ನು 'ಚಂದಮಾಮ'ದ ಮೂಲಕ ಬಲ್ಲ ತಲೆಮಾರು ನಮ್ಮದು. ರಿಚರ್ಡ್ ಬರ್ಟನ್ 1870ರಲ್ಲಿ ಈ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬೇತಾಳನನ್ನು ವ್ಯಾಂಪೈರ್ ಎಂದು ಕರೆದ. ಆದರೆ ನಮ್ಮ ಬೇತಾಳ ವಿಕ್ರಮನ ಹೆಗಲೇರಿ ಯಾವಾಗ ರಕ್ತ ಹೀರಿದ? ಅವನು ಹೆಣವನ್ನು ಹೊಕ್ಕವನು ನಿಜ. ಆದರೆ ಕಥೆ ಹೇಳುವವನು, ಪ್ರಶ್ನೆ ಕೇಳುವವನು, ಕೊನೆಗೆ ರಾಜನ ಪ್ರಾಣ ಉಳಿಸುವವನು. ಗೋವೆ, ಕೊಂಕಣಗಳ ಹಳ್ಳಿಗಳಲ್ಲಿ ಅವನು ಊರು ಕಾಯುವ ದೇವರು. ಹೆಣವನ್ನು ಸುಡುವ ರೂಢಿ ಬಲವಾಗಿರುವಲ್ಲಿ ದೆವ್ವಕ್ಕೆ ದೇಹವಿರುವುದಿಲ್ಲ. ಅದು ಗಾಳಿ, ಸೋಕು, ಪೀಡೆ. ಹೂಳುವಲ್ಲಿ ಹೆಣವೇ ಎದ್ದು ಬರುವ ಭಯ. ಇದು ನನ್ನ ಊಹೆ. ಹೂಳುವವರು ನಮ್ಮಲ್ಲೂ ಇರುವುದರಿಂದ ಇದನ್ನು ನಿಯಮವೆನ್ನಲಾರೆ. ರಕ್ತ ಹೀರುವ ಬಾವಲಿಗಳ ಮಾತೂ ಹೀಗೆಯೇ. ಅವು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ ಇರುವ ಮೂರು ಜಾತಿಗಳು. ಯೂರೋಪಿನ ಭೂತದ ಹೆಸರನ್ನು ಅವುಗಳಿಗೆ ಇಟ್ಟರೇ ಹೊರತು ಅವುಗಳಿಂದ ಭೂತ ಹುಟ್ಟಲಿಲ್ಲ.

ಇಷ್ಟೆಲ್ಲ ಹೇಳಿದ ನಾನು ಈ ವಿಷಯಕ್ಕೆ ಬಂದದ್ದು ಪುಸ್ತಕದಿಂದಲ್ಲ. ನನಗೆ ಎಂಟು ವರ್ಷವಾಗಿದ್ದಾಗ ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಚಿಕ್ಕಮ್ಮ ಕ್ಷಯದಿಂದ ತೀರಿಕೊಂಡಳು. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ವರ್ಷದೊಳಗೆ ಸೋದರಮಾವನಿಗೆ ಕೆಮ್ಮು ಹತ್ತಿತು. "ಹೋದವಳು ಕರೀತಿದ್ದಾಳೆ" ಎಂದು ಮನೆಗೆ ಬಂದವರು ಪಿಸುಗುಟ್ಟಿದರು. ಹೊಸ್ತಿಲಿಗೆ ಕಬ್ಬಿಣದ ಮೊಳೆ ಬಡಿದರು. ಅವಳ ಸೀರೆ, ಪುಸ್ತಕ, ಇದ್ದ ಒಂದೇ ಭಾವಚಿತ್ರ ಎಲ್ಲವನ್ನೂ ಹೊಳೆಗೆ ಬಿಟ್ಟರು. ಅವಳ ಹೆಸರನ್ನು ಎತ್ತಬಾರದೆಂದು ಮಕ್ಕಳಿಗೆ ತಾಕೀತಾಯಿತು. ನನಗೆ ಅಕ್ಷರ ತಿದ್ದಿಸಿದ್ದವಳು ಅವಳು. ಆದರೂ ಸಂಜೆಯಾದರೆ ನಾನು ಅವಳಿಗೇ ಹೆದರಿ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಅಜ್ಜಿ ಏನೂ ಹೇಳುತ್ತಿರಲಿಲ್ಲ. ಮಾವ ಆಸ್ಪತ್ರೆ ಸೇರಿ, ತಿಂಗಳುಗಟ್ಟಲೆ ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡು ಗುಣವಾಗಿ ಬಂದ. ಮೊಳೆಯಿಂದಲೇ ಗುಣವಾಯಿತೆಂದು ಕೆಲವರು ನಂಬಿದರು. ಚಿಕ್ಕಮ್ಮನ ಮೇಲಿನ ಅಪವಾದವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಹಳ ವರ್ಷಗಳ ಮೇಲೆ, ನಾನು ಅಧ್ಯಾಪಕನಾದ ಹೊಸತರಲ್ಲಿ, ಅಜ್ಜಿಯನ್ನು ನೋಡಲು ಹೋಗಿದ್ದೆ. ಆಕೆಗೆ ಕಣ್ಣು ಮಂಜಾಗಿತ್ತು. ಇದ್ದಕ್ಕಿದ್ದಂತೆ, "ಅವಳು ಯಾರನ್ನೂ ಕರೀಲಿಲ್ಲ ಕಣೋ. ಕೊನೇ ದಿನ ನೀರು ಕೇಳಿದ್ಲು, ಅಷ್ಟೇ" ಎಂದಳು. ಅಷ್ಟು ವರ್ಷ ಆ ಮಾತನ್ನು ಆಕೆ ಯಾರೆದುರಿಗೂ ಆಡಿರಲಿಲ್ಲ. ಜಾರ್ಜ್ ಬ್ರೌನ್‌ನ ಕಥೆಯನ್ನು ಮುಂದೆ ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಈ ಮಾತು. ನಂಬಿಕೆಯಿಲ್ಲದಿದ್ದರೂ ನಂಬಿದವರ ನಡುವೆ ಬಾಯಿ ಮುಚ್ಚಿ ಕುಳಿತವರ ದುಃಖ ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ಇದೆಲ್ಲ ಹಳೆಯ ಕಾಲದ್ದೆಂದು ಸಮಾಧಾನಪಡುವಂತಿಲ್ಲ. 2004ರಲ್ಲಿ ರುಮೇನಿಯದ ಒಂದು ಹಳ್ಳಿಯಲ್ಲಿ ಬಂಧುಗಳೇ ಒಬ್ಬನ ಗೋರಿಯನ್ನು ಅಗೆದು, ಹೃದಯವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಕುಡಿದರು. 2017ರಲ್ಲಿ ಆಫ್ರಿಕದ ಮಲಾವಿ ದೇಶದಲ್ಲಿ ರಕ್ತ ಹೀರುವವರು ತಿರುಗುತ್ತಿದ್ದಾರೆಂಬ ವದಂತಿ ಹಬ್ಬಿ, ಗುಂಪುಗಳು ಹಲವರನ್ನು ಕೊಂದವು. ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ಎರಡು ಜಿಲ್ಲೆಗಳಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅದೇ ವರ್ಷ ನಮ್ಮ ರಾಜ್ಯದ ವಿಧಾನಮಂಡಲ ಅಮಾನುಷ ಆಚರಣೆಗಳನ್ನು ತಡೆಯುವ ಕಾನೂನನ್ನು ಅಂಗೀಕರಿಸಿತು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹೊಡೆದು ಹಿಂಸಿಸುವುದನ್ನು ಅದು ಅಪರಾಧವೆನ್ನುತ್ತದೆ. ಮರಿಯಾ ತೆರೇಸಾಳ ಆಜ್ಞೆಗೂ ಇದಕ್ಕೂ ನಡುವೆ ಎರಡೂವರೆ ಶತಮಾನ ಕಳೆದಿದೆ.

ರಕ್ತಪಿಶಾಚಿಗಳು ಇದ್ದವೇ ಎಂಬುದಕ್ಕೆ ನನ್ನ ಉತ್ತರ ಇಲ್ಲವೆಂದೇ. ಗೋರಿಯಿಂದ ಎದ್ದು ಬಂದು ಒಬ್ಬರನ್ನಾದರೂ ಕೊಂದ ಹೆಣ ಯಾವ ವರದಿಯಲ್ಲೂ ಇಲ್ಲ. ಆದರೆ ಪಿಶಾಚಿಯೆಂಬ ಹೆಸರು ಹೊತ್ತು, ಸತ್ತ ಮೇಲೂ ನೆಮ್ಮದಿ ಕಾಣದವರು ನಿಜವಾಗಿಯೂ ಇದ್ದರು: ಪೀಟರ್, ಮಿಲಿತ್ಸಾ, ರೋಸಿನಾ, ಮರ್ಸಿ. ಭಯಕ್ಕೆ ಒಂದು ಹೆಸರು ಬೇಕು. ಅದು ಸಾಮಾನ್ಯವಾಗಿ ಎದುರು ಮಾತನಾಡಲಾರದವರ ಹೆಸರನ್ನೇ ಆರಿಸಿಕೊಳ್ಳುತ್ತದೆ. ಅಂಥ ಹೆಸರುಗಳನ್ನು ಅಪವಾದದಿಂದ ಬಿಡಿಸಿ ಮನೆಯೊಳಗೆ ಮತ್ತೆ ಕರೆದುಕೊಳ್ಳುವುದು ಚರಿತ್ರೆಯ ಕೆಲಸಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ. ನನ್ನ ಚಿಕ್ಕಮ್ಮನ ಹೆಸರು ಸರಸ್ವತಿ. ಅರುವತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳದ ಆ ಹೆಸರನ್ನು ಹೇಳಿ ಈ ಮಾತು ಮುಗಿಸುತ್ತೇನೆ.

(ಬಾನುಲಿ ಭಾಷಣ)